ಹಳೇ ಕಾರಿಗೆ ಹೊಸ ಸ್ಪೀಕರ್ ಹಾಕುವಾಗ ಮೊದಲು ವೈರ್ ನೋಡಿ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಪ್ಪ 1999ರಲ್ಲಿ ತೆಗೆದ ಮಾರುತಿ ಝೆನ್ ಕಾರು ಈಗಲೂ ಅಂಗಳದಲ್ಲಿದೆ, ಈಗಲೂ ಓಡುತ್ತದೆ. 15 ವರ್ಷ ಕಳೆದ ಮೇಲೆ ಮೂರು ಸಲ ರಿಜಿಸ್ಟ್ರೇಶನ್ ಹೊಸತು ಮಾಡಿಸಿದ್ದೇವೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅದರ ಎಡಗಡೆ ಬಾಗಿಲಿನ ಸ್ಪೀಕರ್ ಕೆರೆಯತೊಡಗಿತು. ಗುಂಡಿಗೆ ಬಿದ್ದರೆ ನಿಲ್ಲುತ್ತಿತ್ತು, ಬಾಗಿಲು ದಬಕ್ಕನೆ ಹಾಕಿದರೆ ಮತ್ತೆ ಶುರು. ಸ್ಪೀಕರ್ ಹೋಯ್ತು ಅಂತ ಹೊಸ ಜೋಡಿ ತಂದೆ. ಬಾಗಿಲಿನ ಒಳಮೈಯ ಹಲಗೆ, ಅಂದರೆ ಡೋರ್ ಪ್ಯಾಡ್ ಬಿಚ್ಚಿ ನೋಡಿದರೆ ಹಳೇ ಸ್ಪೀಕರಿಗೆ ಏನೂ ಆಗಿರಲಿಲ್ಲ. ಅದರ ಹಿಂದೆ ಯಾರೋ ಎರಡು ವೈರ್ ತಿರುಚಿ ಟೇಪ್ ಸುತ್ತಿದ್ದರು. ಟೇಪಿನ ಗೋಂದು ಕರಗಿ ಜೇನಿನ ಹಾಗೆ ಅಂಟಂಟಾಗಿತ್ತು. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು.

ಆಮೇಲೆ ನಮ್ಮ ಕಾರು, ಮಾವನ ಓಮ್ನಿ, ಪಕ್ಕದ ಮನೆಯವರ ಮಾರುತಿ 800 ಎಲ್ಲ ಸೇರಿ ನಾಲ್ಕೈದು ಗಾಡಿಗಳಲ್ಲಿ ಈ ಕೆಲಸ ಮಾಡಿದೆ. ಎಲ್ಲ ಕಡೆ ಕಥೆ ಹೆಚ್ಚು ಕಡಿಮೆ ಒಂದೇ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಹೋದರೆ ಮಳೆಯ ಜೊತೆಗೆ ಸಮುದ್ರದ ಉಪ್ಪು ಗಾಳಿ. ಇಂಥ ಊರಲ್ಲಿ ಸ್ಪೀಕರ್ ಸಾಯುವ ಮೊದಲು ಅದರ ಜೋಡಣೆ ಸಾಯುತ್ತದೆ. ಹಾಗಾಗಿ ಸ್ಪೀಕರ್ ಯಾವ ಕಂಪೆನಿಯದ್ದು ಅನ್ನುವುದಕ್ಕಿಂತ ವೈರ್ ಹೇಗೆ ಎಳೆದೆವು, ಎಲ್ಲಿ ಸೇರಿಸಿದೆವು, ನೀರನ್ನು ಹೇಗೆ ದೂರ ಇಟ್ಟೆವು ಅನ್ನುವುದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಖರ್ಚು ಮಾಡುವ ಮೊದಲು ಪರೀಕ್ಷೆ

ಮೊದಲು ಸ್ಟೀರಿಯೊದಲ್ಲೇ ನೋಡಿ. ಬ್ಯಾಲೆನ್ಸ್ ಎಡಕ್ಕೆ, ಬಲಕ್ಕೆ, ಫೇಡರ್ ಮುಂದಕ್ಕೆ, ಹಿಂದಕ್ಕೆ ತಿರುಗಿಸಿದರೆ ಯಾವ ಮೂಲೆಯದ್ದು ಕೈಕೊಟ್ಟಿದೆ ಅಂತ ಗೊತ್ತಾಗುತ್ತದೆ. ಬಾಗಿಲು ತೆಗೆದು ಹಾಕುವಾಗ ಸದ್ದು ಬಂದು ಹೋದರೆ ಅದು ವೈರಿನ ದೋಷ. ದಪ್ಪ ಸ್ವರ ಬಂದಾಗಲೆಲ್ಲ ಪರಪರ ಅಂದರೆ ಸ್ಪೀಕರಿನ ಕಾಗದ ಹರಿದಿದೆ, ಇಲ್ಲವೇ ಸುತ್ತಲಿನ ಫೋಮ್ ಉದುರಿದೆ. ಒಂದು ಮೂಲೆಯಲ್ಲಿ ಸದ್ದೇ ಇಲ್ಲದಿದ್ದರೆ ಎರಡರಲ್ಲಿ ಯಾವುದೂ ಇರಬಹುದು, ಸ್ಟೀರಿಯೊದ್ದೂ ಇರಬಹುದು. ಆಗ ಬಿಚ್ಚಿಯೇ ನೋಡಬೇಕು.

ಸ್ಪೀಕರ್ ಹೊರಗೆ ತೆಗೆದ ಮೇಲೆ ಪರೀಕ್ಷೆಗೆ ಗೋಡೆ ಗಡಿಯಾರದ ಒಂದು ಸೆಲ್ ಸಾಕು. ಆ 1.5 ವೋಲ್ಟ್ ಸೆಲ್ಲಿಗೆ ಎರಡು ತುಂಡು ವೈರ್ ಹಿಡಿದು ಸ್ಪೀಕರಿನಲ್ಲಿ ವೈರ್ ಸೇರುವ ಎರಡು ಕಾಲಿಗೆ ಒಂದು ಕ್ಷಣ ತಾಗಿಸಿ. ಜೀವ ಇದ್ದರೆ ‘ಟಪ್’ ಅನ್ನುತ್ತದೆ, ಕೋನ್ (ಅಲುಗಿ ಸದ್ದು ಮಾಡುವ ಮುಂಭಾಗ) ಒಂದು ಕೂದಲೆಳೆಯಷ್ಟು ಮುಂದೆ ಅಥವಾ ಹಿಂದೆ ಜಿಗಿಯುತ್ತದೆ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ. 4 ಓಮ್ ಅಂತ ಬರೆದ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8ರವರೆಗೆ ತೋರಿಸುತ್ತದೆ. 4 ಬರಲಿಲ್ಲ ಅಂತ ಗಾಬರಿ ಬೇಡ, ಅದು ಇರುವುದೇ ಹಾಗೆ. ಏನೂ ತೋರಿಸದಿದ್ದರೆ ಒಳಗಿನ ಕಾಯಿಲ್ ತುಂಡಾಗಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಕಾಯಿಲ್ ಶಾರ್ಟ್ ಆಗಿದೆ, ಅದನ್ನು ಸ್ಟೀರಿಯೊಗೆ ಮತ್ತೆ ಸೇರಿಸಲೇ ಬೇಡಿ. ಎರಡು ಬೆರಳಲ್ಲಿ ಕೋನನ್ನು ಎಲ್ಲ ಕಡೆಯಿಂದ ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ಒಳಗೆ ಮರಳು ಉಜ್ಜಿದ ಹಾಗೆ ಕೇಳಿಸಿದರೆ ಕಾಯಿಲ್ ಅಯಸ್ಕಾಂತಕ್ಕೆ ತಾಗುತ್ತಿದೆ. ಅದನ್ನು ಬದಲಿಸುವುದೇ ಸರಿ.

ಸ್ಪೀಕರ್ ಚೆನ್ನಾಗಿದ್ದು ವೈರ್ ಮಾತ್ರ ಹಾಳಾಗಿದ್ದರೆ ನಿಮ್ಮ ದುಡ್ಡು ಉಳಿಯಿತು. ಕೆಳಗೆ ವೈರಿನ ಬಗ್ಗೆ ಬರೆದದ್ದನ್ನು ಮಾತ್ರ ಓದಿದರೆ ಸಾಕು.

ಯಾವ ಸ್ಪೀಕರ್ ತರುವುದು

ಅಂಗಡಿಗೆ ಹೋಗುವ ಮೊದಲು ಅಳತೆ ಬರೆದುಕೊಳ್ಳಿ. ಹಳೇ ಗಾಡಿಗಳಲ್ಲಿ ಬಾಗಿಲಿಗೆ 4 ಇಂಚು, 5.25 ಇಂಚು ಅಥವಾ 6.5 ಇಂಚು, ಹಿಂದಿನ ಪಾರ್ಸೆಲ್ ಟ್ರೇಗೆ (ಹಿಂದಿನ ಸೀಟಿನ ಹಿಂದಿರುವ ಹಲಗೆ) 6×9ರ ಮೊಟ್ಟೆಯಾಕಾರದ್ದು ಸಾಮಾನ್ಯ. ಇದಕ್ಕಿಂತ ಮುಖ್ಯವಾದ ಅಳತೆ ಆಳದ್ದು. ಗಾಜನ್ನು ಪೂರ್ತಿ ಕೆಳಗೆ ಇಳಿಸಿ. ಬಾಗಿಲಿನ ಒಳತಗಡಿನಿಂದ ಗಾಜಿನವರೆಗೆ ಎಷ್ಟು ಮಿಲಿಮೀಟರ್ ಇದೆ ಅಂತ ಸ್ಕೇಲ್ ಇಟ್ಟು ನೋಡಿ. ಹೊಸ ಸ್ಪೀಕರಿನ ಡಬ್ಬಿಯಲ್ಲಿ ಅದರ ಆಳ ಬರೆದಿರುತ್ತದೆ. ಅದು ನಿಮ್ಮ ಅಳತೆಗಿಂತ ಕನಿಷ್ಠ 5 ಮಿಲಿಮೀಟರ್ ಕಡಿಮೆ ಇರಬೇಕು. ನಾನು ಇದನ್ನು ಕಲಿತದ್ದು ಮಾವನ ಗಾಡಿಯಲ್ಲಿ. ಎಲ್ಲ ಕೂರಿಸಿ ಡೋರ್ ಪ್ಯಾಡ್ ಹಾಕಿದ ಮೇಲೆ ಗಾಜು ಅರ್ಧಕ್ಕೆ ನಿಂತಿತು. “ಎಂತ ಮಾರಾಯಾ, ಪದ್ಯ ಕೇಳಬೇಕಾದರೆ ಗಾಜು ಹಾಕಿಯೇ ಕೂರಬೇಕಾ?” ಅಂತ ಮಾವ ಕೇಳಿದರು. ಮತ್ತೆ ಎಲ್ಲವನ್ನೂ ಬಿಚ್ಚಬೇಕಾಯಿತು.

ಡಬ್ಬಿಯ ಮೇಲೆ ದೊಡ್ಡದಾಗಿ 250 ವಾಟ್, 300 ವಾಟ್ ಅಂತ ಇರುತ್ತದೆ. ಅದನ್ನು ಬಿಡಿ. ಆರ್‌ಎಂಎಸ್ ಅಂತ ಸಣ್ಣಕ್ಷರದಲ್ಲಿ ಬರೆದದ್ದನ್ನು ನೋಡಿ. ಸ್ಪೀಕರ್ ಸತತವಾಗಿ ತಾಳುವ ಪವರ್ ಅದೇ. ಸ್ಟೀರಿಯೊದ ಮೇಲೆ 50 ವಾಟ್ ನಾಲ್ಕು ಅಂತ ಬರೆದಿದ್ದರೂ ಅದು ನಿಜವಾಗಿ ಕೊಡುವುದು ಒಂದೊಂದು ಸ್ಪೀಕರಿಗೆ 15–20 ವಾಟ್ ಅಷ್ಟೇ. ಅಷ್ಟರಲ್ಲಿ ಚೆನ್ನಾಗಿ ಕೇಳಬೇಕಾದರೆ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರಿಗೆ ಎಷ್ಟು ಸದ್ದು ಬರುತ್ತದೆ ಅನ್ನುವ ಅಳತೆ, ಜಾಸ್ತಿ ಇರಬೇಕು. 87 ಡೆಸಿಬೆಲ್ ಇರುವ ಸ್ಪೀಕರಿನಷ್ಟೇ ಸದ್ದನ್ನು 90 ಡೆಸಿಬೆಲ್ ಇರುವುದು ಅರ್ಧ ಪವರಿನಲ್ಲಿ ಮಾಡುತ್ತದೆ. ಬೇರೆ ಆಂಪ್ಲಿಫೈಯರ್ ಇಲ್ಲದ ಹಳೇ ಕಾರಿಗೆ ಇದೇ ಮುಖ್ಯ.

ಇನ್ನು ನಮ್ಮ ಹವೆಗೆ ಕಾಗದದ ಕೋನ್ ಬೇಡ, ಫೋಮಿನ ಅಂಚು ಬೇಡವೇ ಬೇಡ. ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚು ಇರುವುದನ್ನೇ ಕೇಳಿ. ಓಮ್ ಎಷ್ಟು ಅಂತಲೂ ನೋಡಿ, 4 ಇರಬೇಕು. ಕೋಆಕ್ಸಿಯಲ್ ಸ್ಪೀಕರ್ ತಂದರೆ ಟ್ವೀಟರ್ (ತೀಕ್ಷ್ಣ ಸ್ವರಗಳ ಸಣ್ಣ ಸ್ಪೀಕರ್) ಅದರ ಮಧ್ಯದಲ್ಲೇ ಇರುತ್ತದೆ, ಬೇರೆ ವೈರ್ ಎಳೆಯುವ ತಲೆನೋವು ಇಲ್ಲ.

ವೈರ್ ಆರಿಸುವುದು

ಸ್ಪೀಕರ್ ವೈರ್ ಅಂತ ಕೊಡುವ ಕೆಂಪು ಕಪ್ಪು ಜೋಡಿ ವೈರಿನಲ್ಲಿ ಜಾಸ್ತಿ ಮೋಸ. ಹೊರಗೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ. ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ. ಅಂಥ ವೈರ್ ಬೇಗ ಮುರಿಯುತ್ತದೆ, ಉಪ್ಪು ಗಾಳಿಗೆ ಬಿಳಿ ಪುಡಿಯಾಗುತ್ತದೆ. ಹೊರಗೆ ಬೆಳ್ಳಗೆ ಇದ್ದು ಕೆರೆದಾಗ ಒಳಗೆ ಕೆಂಪು ತಾಮ್ರ ಕಂಡರೆ ಅದು ತವರ ಲೇಪಿಸಿದ ತಾಮ್ರ. ಸಿಕ್ಕಿದರೆ ಬಿಡಬೇಡಿ. ಕರಾವಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ದಪ್ಪ ಜಾಸ್ತಿ ಬೇಕಾಗಿಲ್ಲ. ಮುಂದಿನ ಬಾಗಿಲಿಗೆ 0.75 ಚದರ ಮಿಲಿಮೀಟರ್, ಹಿಂದಕ್ಕೆ 1 ಚದರ ಮಿಲಿಮೀಟರ್ ಸಾಕು. ಲೆಕ್ಕ ಬೇಕಿದ್ದರೆ ಹೀಗೆ: 1 ಚದರ ಮಿಲಿಮೀಟರ್ ತಾಮ್ರದ ವೈರ್ ಒಂದು ಮೀಟರಿಗೆ ಸುಮಾರು 0.017 ಓಮ್. ಹಿಂದಿನ ಸ್ಪೀಕರಿಗೆ 5 ಮೀಟರ್ ಹೋಗಿ 5 ಮೀಟರ್ ಬಂದರೆ 0.17 ಓಮ್. 4 ಓಮ್ ಮುಂದೆ ಅದು ಲೆಕ್ಕಕ್ಕಿಲ್ಲ. ಸಣ್ಣ ಕಾರಿಗೆ ನಾಲ್ಕು ಸ್ಪೀಕರಿಗೆ ಒಟ್ಟು 15 ಮೀಟರ್ ಜೋಡಿ ವೈರ್ ಬೇಕಾಗುತ್ತದೆ. 18 ತನ್ನಿ. ಮಧ್ಯದಲ್ಲಿ ತುಂಡು ಸೇರಿಸುವ ಪ್ರಸಂಗ ಬರಬಾರದು.

ಜೊತೆಗೆ ಬೇಕಾದದ್ದು: ಬ್ಯಾಟರಿಗೆ 10ರ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಕ್ರಿಂಪಿಂಗ್ ಪ್ಲಯರ್, ಸ್ಪೀಕರಿನ ಕಾಲಿಗೆ ಕೂರುವ ಥಿಂಬಲ್‌ಗಳು, ಬಿಸಿ ಮಾಡಿದರೆ ಕುಗ್ಗುವ ಸ್ಲೀವ್, ಬಟ್ಟೆಯ ಟೇಪ್, ಕೇಬಲ್ ಟೈ, ಒಂದು ಹಳೇ ಬನಿಯನ್. ಪ್ಯಾಡ್ ಎಬ್ಬಿಸಲು ನಾನು ಬಿದಿರಿನ ಸೀಳನ್ನು ಚಪ್ಪಟೆಯಾಗಿ ಕೆತ್ತಿ ಇಟ್ಟುಕೊಂಡಿದ್ದೇನೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಾಗಿಲಿನ ಪೈಂಟ್ ಏಳುತ್ತದೆ, ಅಲ್ಲಿಂದ ತುಕ್ಕು ಶುರು. ಬಿದಿರು ಪೈಂಟಿಗೆ ಏನೂ ಮಾಡುವುದಿಲ್ಲ.

ಬಿಚ್ಚುವ ಕೆಲಸ

ಮೊದಲು ಬ್ಯಾಟರಿಯ ಮೈನಸ್ ಕಳಚಿ ಪಕ್ಕಕ್ಕೆ ಸರಿಸಿ. ರೇಡಿಯೋ ಸ್ಟೇಷನ್‌ಗಳು ಮರೆತುಹೋಗುತ್ತವೆ, ಬೇಕಿದ್ದರೆ ಬರೆದಿಟ್ಟುಕೊಳ್ಳಿ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಹಳದಿ ಕನೆಕ್ಟರ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಬಾಗಿಲಿನಲ್ಲಿ ಮೊದಲು ಕೈಹಿಡಿಯ ಸ್ಕ್ರೂಗಳು, ಆಮೇಲೆ ಲಾಕ್ ಎಳೆಯುವ ಹ್ಯಾಂಡಲಿನ ಸುತ್ತಲಿನ ಪ್ಲಾಸ್ಟಿಕ್. ಜನ ಸಿಕ್ಕಿಹಾಕಿಕೊಳ್ಳುವುದು ಗಾಜು ತಿರುಗಿಸುವ ಹ್ಯಾಂಡಲಿನಲ್ಲಿ. ಅದಕ್ಕೆ ಸ್ಕ್ರೂ ಕಾಣುವುದಿಲ್ಲ. ಹ್ಯಾಂಡಲಿನ ಬುಡಕ್ಕೂ ಪ್ಯಾಡಿಗೂ ಮಧ್ಯೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ. ಆ ಬಿಲ್ಲೆಗೂ ಹ್ಯಾಂಡಲಿಗೂ ನಡುವೆ ಕುದುರೆ ಲಾಳದ ಆಕಾರದ ಒಂದು ಸ್ಪ್ರಿಂಗ್ ಕ್ಲಿಪ್. ಹಳೇ ಬನಿಯನ್ನಿನಿಂದ ಎರಡು ಬೆರಳು ಅಗಲದ ಪಟ್ಟಿ ಹರಿದುಕೊಳ್ಳಿ. ಹ್ಯಾಂಡಲಿಗೂ ಬಿಲ್ಲೆಗೂ ನಡುವೆ ಅದನ್ನು ತೂರಿಸಿ, ಎರಡು ತುದಿ ಹಿಡಿದು ಬೆನ್ನು ಉಜ್ಜುವ ಹಾಗೆ ಆಚೀಚೆ ಎಳೆಯುತ್ತಾ ಮೇಲಕ್ಕೆ ತನ್ನಿ. ಬಟ್ಟೆಯ ದಾರ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದು ‘ಟಿಕ್’ ಅಂತ ಹಾರುತ್ತದೆ. ಇನ್ನೊಂದು ಕೈಯನ್ನು ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಅಂಗಳದ ಕಲ್ಲುಗಳ ನಡುವೆ ಹುಡುಕಬೇಕಾಗುತ್ತದೆ. ತಿರುಗಿ ಹಾಕುವಾಗ ಕ್ಲಿಪ್ಪನ್ನು ಹ್ಯಾಂಡಲಿಗೇ ಮೊದಲು ಸಿಕ್ಕಿಸಿ, ಹ್ಯಾಂಡಲನ್ನು ಅಂಗೈಯಿಂದ ಒತ್ತಿದರೆ ಮುಗಿಯಿತು.

ಪ್ಯಾಡಿನ ಅಂಚಿನ ಕ್ಲಿಪ್‌ಗಳನ್ನು ಕೆಳಗಿನಿಂದ ಶುರುಮಾಡಿ ಒಂದೊಂದಾಗಿ ಎಬ್ಬಿಸಿ. ಹಳೇ ಪ್ಯಾಡಿನ ಹಲಗೆ ಮಳೆ ಕುಡಿದು ಮೆತ್ತಗಾಗಿರುತ್ತದೆ. ಅದಕ್ಕೆ ಕ್ಲಿಪ್ಪಿನ ಬುಡದಲ್ಲೇ ಬಿದಿರು ಕೊಟ್ಟು ಮೀಟಬೇಕು. ದೂರದಿಂದ ಎಳೆದರೆ ಹಲಗೆ ಹರಿದು ಕ್ಲಿಪ್ ಬಾಗಿಲಲ್ಲೇ ಉಳಿಯುತ್ತದೆ.

ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಶೀಟ್ ಇರಬೇಕು. ಇದ್ದರೆ ಹರಿಯದೆ ಮೆಲ್ಲಗೆ ಬಿಡಿಸಿ. ಇಲ್ಲದಿದ್ದರೆ ನಿಮ್ಮ ಹಳೇ ಸ್ಪೀಕರ್ ಯಾಕೆ ಹಾಳಾಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಅದರ ಮಾತು ಮುಂದೆ ಬರುತ್ತದೆ.

ಹಳೇ ವೈರ್ ಇಟ್ಟುಕೊಳ್ಳುವುದೋ, ಬಿಡುವುದೋ

ಹಳೇ ವೈರಿನ ತುದಿಯನ್ನು ಒಂದು ಇಂಚು ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಇಟ್ಟುಕೊಳ್ಳಬಹುದು. ಕಪ್ಪಾಗಿದ್ದರೆ ಇನ್ನೊಂದು ಇಂಚು ಕತ್ತರಿಸಿ ನೋಡಿ. ಮೂರು ಇಂಚು ಹೋದರೂ ಕಪ್ಪೇ ಇದ್ದರೆ ಒಳಗೆ ಉದ್ದಕ್ಕೂ ನೀರು ಹೀರಿಕೊಂಡಿದೆ ಅಂತ ಅರ್ಥ. ಅದಕ್ಕೆ ಹೊಸ ಜೋಡಣೆ ಮಾಡಿ ಪ್ರಯೋಜನ ಇಲ್ಲ, ಹೊಸ ವೈರೇ ಎಳೆಯಿರಿ.

ಹಳೇ ವೈರ್ ಇಟ್ಟುಕೊಳ್ಳುವುದಾದರೂ ಒಂದು ಪರೀಕ್ಷೆ ತಪ್ಪಿಸಬೇಡಿ. ಸ್ಟೀರಿಯೊ ಕಡೆಯೂ ಸ್ಪೀಕರ್ ಕಡೆಯೂ ವೈರ್ ಬಿಚ್ಚಿ. ಮೀಟರಿನ ಒಂದು ಮುಳ್ಳನ್ನು ವೈರಿಗೆ, ಇನ್ನೊಂದನ್ನು ಕಾರಿನ ಬಾಡಿಯ ಪೈಂಟ್ ಇಲ್ಲದ ಜಾಗಕ್ಕೆ ಹಿಡಿಯಿರಿ. ಏನೂ ತೋರಿಸಬಾರದು. ತೋರಿಸಿದರೆ ವೈರ್ ಎಲ್ಲೋ ತಗಡಿಗೆ ತಾಗುತ್ತಿದೆ.

ಇದು ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತುಂಬಾ ಹಳೇ ಸೆಟ್‌ಗಳಲ್ಲಿ ಎಡ ಬಲ ಎರಡೂ ಸ್ಪೀಕರಿನ ಮೈನಸ್ ಒಂದೇ ವೈರಿನಲ್ಲಿ ಬರುತ್ತಿತ್ತು, ಕೆಲವರು ಅದನ್ನು ಬಾಡಿಗೇ ಅರ್ತ್ ಕೊಡುತ್ತಿದ್ದರು. ಆ ಕಾಲದ ಸೆಟ್ಟಿಗೆ ಅದು ನಡೆಯುತ್ತಿತ್ತು. ಈಗಿನ ಸ್ಟೀರಿಯೊದಲ್ಲಿ ಹಾಗಲ್ಲ. ಸ್ಪೀಕರಿನ ಮೈನಸ್ ಅಂತ ಕರೆಯುವ ವೈರಿನಲ್ಲೂ ಸೆಟ್ ಆನ್ ಇದ್ದಾಗ ಸುಮಾರು 6 ವೋಲ್ಟ್ ಇರುತ್ತದೆ. ಪ್ಲಸ್ಸಿನಲ್ಲೂ ಅಷ್ಟೇ. ಎರಡೂ ಜೀವಂತ ವೈರ್‌ಗಳು. ಅದು ಬಾಡಿಗೆ ತಾಗಿದರೆ ಸೆಟ್ ಮ್ಯೂಟ್ ಆಗಿ ಕೂರುತ್ತದೆ, ಇಲ್ಲವೇ ಒಳಗಿನ ಆಂಪ್ಲಿಫೈಯರ್ ಐಸಿ ಸುಟ್ಟುಹೋಗುತ್ತದೆ. ನಮ್ಮ ಝೆನ್ನಿನ ಹಿಂದಿನ ಸೆಟ್ ಹೋದದ್ದು ಹೀಗೆಯೇ. ಟೇಪ್ ಬಿಟ್ಟುಕೊಂಡ ವೈರ್ ಬಾಗಿಲಿನ ತಗಡಿಗೆ ತಾಗಿತು, ಒಂದು ಸಂಜೆ ನಾಲ್ಕೂ ಸ್ಪೀಕರ್ ಒಟ್ಟಿಗೆ ಮೌನವಾದವು. ಆದ್ದರಿಂದ ಪ್ರತಿ ಸ್ಪೀಕರಿಗೂ ಬೇರೆ ಬೇರೆ ಎರಡೆರಡು ವೈರ್. ಯಾವುದನ್ನೂ ಬಾಡಿಗೆ ಕೊಡಬೇಡಿ, ಯಾವುದನ್ನೂ ಇನ್ನೊಂದರ ಜೊತೆ ಸೇರಿಸಬೇಡಿ.

ಇನ್ನೊಂದು ತಪ್ಪು, ಒಂದೇ ಜೋಡಿ ವೈರಿಗೆ ಮುಂದಿನ ಮತ್ತು ಹಿಂದಿನ ಸ್ಪೀಕರ್ ಎರಡನ್ನೂ ಕೊಡುವುದು. 4 ಓಮಿನ ಎರಡು ಸ್ಪೀಕರ್ ಹಾಗೆ ಸೇರಿದರೆ ಸೆಟ್ಟಿಗೆ ಕಾಣುವುದು 2 ಓಮ್. ಮೊದಮೊದಲು ಸದ್ದು ಜೋರಾಗಿ ಕೇಳಿ ಖುಷಿಯಾಗುತ್ತದೆ. ಸೆಟ್ಟಿನ ಹಿಂಭಾಗ ಮುಟ್ಟಿ ನೋಡಿ, ಕಾವಲಿಯ ಹಾಗೆ ಕಾದಿರುತ್ತದೆ.

ವೈರ್ ಎಳೆಯುವುದು

ಬಾಗಿಲಿಗೂ ಬಾಡಿಗೂ ನಡುವೆ ರಬ್ಬರಿನ ಸೊಂಡಿಲು ಇದ್ದರೆ ಅದರೊಳಗಿನಿಂದಲೇ ಹೋಗಬೇಕು. ಹಳೇ ವೈರಿಗೆ ನೈಲಾನ್ ಹುರಿ ಕಟ್ಟಿ ಆಚೆಯಿಂದ ಎಳೆದುಕೊಳ್ಳಿ. ಆ ಹುರಿಗೆ ಹೊಸ ವೈರ್ ಕಟ್ಟಿ ಮತ್ತೆ ಎಳೆಯಿರಿ. ಒಳಗೆ ಬಿಗಿಯಾದರೆ ವೈರಿಗೆ ಸ್ವಲ್ಪ ಸಾಬೂನಿನ ನೀರು ಸವರಿದರೆ ಜಾರುತ್ತದೆ.

ಸೊಂಡಿಲು ಇಲ್ಲದ ಗಾಡಿಯಲ್ಲಿ ಹಿಂದೆ ಸ್ಪೀಕರ್ ಹಾಕಿದವರು ತೂತು ಕೊರೆದು ವೈರನ್ನು ಹಾಗೇ ತೂರಿಸಿರುತ್ತಾರೆ. ತಗಡಿನ ಅಂಚು ಚೂರಿಯ ಹಾಗೆ. ಬಾಗಿಲು ದಿನಕ್ಕೆ ಹತ್ತು ಸಲ ತೆಗೆದು ಹಾಕಿದರೆ ವರ್ಷದೊಳಗೆ ವೈರಿನ ಮೈ ಕೊಯ್ದುಹೋಗುತ್ತದೆ. ಆ ತೂತಿನ ಅಂಚನ್ನು ಅರದಿಂದ ನಯಮಾಡಿ, ಪ್ರೈಮರ್ ಬಳಿದು, ಒಣಗಿದ ಮೇಲೆ ರಬ್ಬರ್ ಗ್ರೋಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಕೂರಿಸಿ. ನಂತರವೇ ವೈರ್. ವೈರ್ ತೂತಿಗಿಂತ ಸ್ವಲ್ಪ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಿ ಒಳಗೆ ಹೋಗಬೇಕು. ಬಾವಿಯ ಹಗ್ಗ ಹಿಡಿದು ನೀರು ಇಳಿಯುವ ಹಾಗೆ ವೈರ್ ಹಿಡಿದೂ ಇಳಿಯುತ್ತದೆ. ಜೋತು ಬಿದ್ದ ಕಡೆ ಹನಿಯಾಗಿ ಬಿದ್ದುಹೋದರೆ ಒಳಗೆ ಬರುವುದಿಲ್ಲ.

ಎಳೆದಾದ ಮೇಲೆ ಬಾಗಿಲನ್ನು ಪೂರ್ತಿ ತೆಗೆದು, ಪೂರ್ತಿ ಹಾಕಿ ನೋಡಿ. ತೆಗೆದಾಗ ವೈರ್ ಬಿಗಿಯಾಗಬಾರದು, ಹಾಕಿದಾಗ ನಡುವೆ ಸಿಕ್ಕಬಾರದು.

ಹಿಂದಿನ ಸ್ಪೀಕರಿನ ವೈರನ್ನು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ, ಗೋಡೆಯ ಬದಿಗೆ ಕೊಂಡೊಯ್ಯಿರಿ. ಸೀಟು ಜಾರುವ ಹಳಿಯ ಹತ್ತಿರ, ಬೆಲ್ಟಿನ ಬೋಲ್ಟಿನ ಹತ್ತಿರ ಬೇಡ. ಕಾರ್ಪೆಟ್ ಎತ್ತಿದಾಗ ಕೆಳಗೆ ಒದ್ದೆ ಇದ್ದರೆ, ತಗಡು ಕಂದು ಬಣ್ಣ ತಿರುಗಿದ್ದರೆ ಮೊದಲು ಅದನ್ನು ಒಣಗಿಸಿ, ಉಜ್ಜಿ, ಪೈಂಟ್ ಹಾಕಿ. ನಮ್ಮ ಕಡೆ ಅಡಿಕೆ ತೋಟದ ನಡುವೆ ಕಾರು ನಿಲ್ಲಿಸುವವರಿಗೆ ಇಲಿಯ ಕಾಟವೂ ಇದೆ. ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪ್ ಸಿಗುತ್ತದಲ್ವಾ, ವೈರನ್ನು ಅದರೊಳಗೆ ಹಾಕಿ. ಇಲಿ ಪೂರ್ತಿ ಬಿಡುವುದಿಲ್ಲ, ಆದರೂ ಮೊದಲ ಕಡಿತಕ್ಕೆ ವೈರ್ ಸಿಗುವುದಿಲ್ಲ.

ಇಂಜಿನ್ ಕಡೆಯಿಂದ ಬರುವ ದಪ್ಪ ವೈರುಗಳ ಜೊತೆ ಸ್ಪೀಕರ್ ವೈರನ್ನು ಕಟ್ಟಬೇಡಿ. ಅವು ಅಡ್ಡ ಹಾಯಲೇಬೇಕಾದರೆ ಕತ್ತರಿಯ ಹಾಗೆ ಅಡ್ಡ ಹಾಯಲಿ, ಉದ್ದಕ್ಕೂ ಜೊತೆ ಹೋಗದಿರಲಿ.

ಸ್ಟೀರಿಯೊ ಹಿಂದಿನ ಬಣ್ಣಗಳು

ಹೊರಗಿನಿಂದ ಕೊಂಡ ಸ್ಟೀರಿಯೊಗಳಲ್ಲಿ ಸ್ಪೀಕರ್ ವೈರಿನ ಬಣ್ಣ ಸಾಮಾನ್ಯವಾಗಿ ಒಂದೇ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಬಣ್ಣ ಮಾತ್ರ ಇದ್ದರೆ ಪ್ಲಸ್. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಮೈನಸ್. ಹಳದಿ ಬ್ಯಾಟರಿಯಿಂದ ಯಾವಾಗಲೂ ಬರುವ 12 ವೋಲ್ಟ್, ಕೆಂಪು ಚಾವಿ ತಿರುಗಿಸಿದಾಗ ಬರುವುದು, ಬರೀ ಕಪ್ಪು ಅರ್ತ್. ನೀಲಿ ಆಂಟೆನಾ ಅಥವಾ ಆಂಪ್ಲಿಫೈಯರಿಗೆ. ಅದು ಬೇಡದಿದ್ದರೆ ತುದಿಗೆ ಸ್ಲೀವ್ ಹಾಕಿ ಮಡಚಿಡಿ, ಬರಿದೇ ಬಿಡಬೇಡಿ. ಹಳದಿ ವೈರಿನ ಫ್ಯೂಸ್ ತೆಗೆದು ನೇರ ಮಾಡಿದ ಗಾಡಿಗಳನ್ನೂ ನೋಡಿದ್ದೇನೆ. ಸೆಟ್ಟಿನಲ್ಲಿ ಬರೆದಷ್ಟೇ ಆಂಪಿಯರಿನ ಫ್ಯೂಸ್ ಅಲ್ಲಿ ಇರಲೇಬೇಕು. ಇಲ್ಲದಿದ್ದರೆ ಒಂದು ಶಾರ್ಟಿಗೆ ಕಾರೇ ಹೊತ್ತಿಕೊಳ್ಳಬಹುದು.

ಕಾರಿನಲ್ಲಿ ಮೊದಲೇ ಇರುವ ವೈರಿನ ಬಣ್ಣ ಇದಕ್ಕೆ ಹೊಂದಬೇಕೆಂದಿಲ್ಲ. ಅಲ್ಲಿ ಮತ್ತೆ ಅದೇ ಗಡಿಯಾರದ ಸೆಲ್. ಸ್ಟೀರಿಯೊದಿಂದ ವೈರ್ ಬಿಚ್ಚಿ, ಒಂದೊಂದು ಜೋಡಿಗೆ ಸೆಲ್ ತಾಗಿಸಿ. ಯಾವ ಮೂಲೆಯಲ್ಲಿ ಟಪ್ ಅಂದಿತು ಅಂತ ಹೇಳಲು ಮನೆಯ ಮಕ್ಕಳನ್ನು ಕೂರಿಸಿಕೊಳ್ಳಿ. ನನಗೆ ತಂಗಿಯ ಮಗಳು ಸಿಕ್ಕಿದಳು. “ಮಾವಾ, ಈಗ ನನ್ನ ಹಿಂದೆ!” ಅಂತ ಕೂಗುತ್ತಿದ್ದಳು, ನಾನು ಬರೆದುಕೊಂಡೆ. ಹತ್ತು ನಿಮಿಷದಲ್ಲಿ ನಾಲ್ಕೂ ಗೊತ್ತಾಯಿತು.

ಪ್ಲಸ್ ಮೈನಸ್ ತಪ್ಪಿದರೆ ಏನಾಗುತ್ತದೆ

ಸ್ಪೀಕರಿನಲ್ಲಿ ಅಗಲವಾದ ಕಾಲು ಪ್ಲಸ್, ಸಣ್ಣದು ಮೈನಸ್. ಕೆಂಪು ಚುಕ್ಕೆ ಇದ್ದರೆ ಅದೇ ಪ್ಲಸ್. ಗುರುತು ಅಳಿಸಿದ್ದರೆ ಸೆಲ್ ತಾಗಿಸಿ. ಕೋನ್ ಹೊರಕ್ಕೆ ಜಿಗಿದಾಗ ಸೆಲ್ಲಿನ ಪ್ಲಸ್ ಯಾವ ಕಾಲಿಗೆ ತಾಗಿತ್ತೋ ಅದು ಸ್ಪೀಕರಿನ ಪ್ಲಸ್.

ಒಂದು ಸ್ಪೀಕರ್ ತಿರುಗುಮುರುಗಾದರೆ ಏನೂ ಸುಡುವುದಿಲ್ಲ. ಆದರೆ ಎಡದ ಕೋನ್ ಹೊರಗೆ ತಳ್ಳುವಾಗ ಬಲದ್ದು ಒಳಗೆ ಎಳೆಯುತ್ತದೆ. ಒಂದರ ಗಾಳಿಯನ್ನು ಇನ್ನೊಂದು ನುಂಗುತ್ತದೆ. ದಪ್ಪ ಸ್ವರ ಮಾಯವಾಗುತ್ತದೆ. ಹೊಸ ಸ್ಪೀಕರಿನಲ್ಲಿ ಬೇಸ್ ಇಲ್ಲ ಅಂತ ದೂರುವವರಲ್ಲಿ ಎಷ್ಟೋ ಜನರ ಗಾಡಿಯಲ್ಲಿ ಇದೇ ತಪ್ಪು ಇರುತ್ತದೆ.

ಜೋಡಣೆ

ಸ್ಪೀಕರಿನ ಕಾಲಿಗೆ ಥಿಂಬಲ್ ಹಾಕಿ. ವೈರಿನ ತುದಿ 6 ಮಿಲಿಮೀಟರ್ ಸುಲಿದು, ಥಿಂಬಲಿನೊಳಗೆ ತೂರಿಸಿ, ಕ್ರಿಂಪಿಂಗ್ ಪ್ಲಯರಿನಿಂದ ಒತ್ತಿ. ಕೈಯಿಂದ ಗಟ್ಟಿಯಾಗಿ ಎಳೆದು ನೋಡಿ. ಬಂದರೆ ಈಗಲೇ ಬರಲಿ. ಅದರ ಬುಡಕ್ಕೆ ಸ್ಲೀವ್ ಹಾಕಿ, ಲೈಟರ್ ದೂರ ಹಿಡಿದು ಬಿಸಿ ಮಾಡಿ. ಒಳಗೆ ಅಂಟು ಇರುವ ಸ್ಲೀವ್ ಸಿಗುತ್ತದೆ. ಬಿಸಿಯಾದಾಗ ತುದಿಯಿಂದ ಸ್ವಲ್ಪ ಅಂಟು ಹೊರಬಂದು ಸೀಲ್ ಆಗುತ್ತದೆ. ಬಾಗಿಲಿಗೆ ಅದನ್ನೇ ಬಳಸಿ.

ಸೋಲ್ಡರ್ ಮಾಡಿದರೆ, ಅಂದರೆ ತವರ ಕರಗಿಸಿ ಬೆಸೆದರೆ, ಇನ್ನೂ ಗಟ್ಟಿ ಅಲ್ವಾ ಅಂತ ಕೇಳುತ್ತಾರೆ. ಸ್ಟೀರಿಯೊ ಹಿಂದೆ, ಅಲುಗಾಡದ ಕಡೆ ಸೋಲ್ಡರ್ ಒಳ್ಳೆಯದೇ. ಬಾಗಿಲಿನಲ್ಲಿ ಬೇಡ. ಕರಗಿದ ತವರವು ವೈರಿನ ಎಳೆಗಳ ಒಳಗೆ ಮೇಲಕ್ಕೆ ಏರುತ್ತದೆ, ಅಲ್ಲಿಯವರೆಗೆ ವೈರ್ ಕಡ್ಡಿಯ ಹಾಗಾಗುತ್ತದೆ. ಬಾಗಿಲು ಅಲುಗಿದಾಗ ಕಡ್ಡಿ ಮುಗಿಯುವ ಜಾಗದಲ್ಲಿ ಕಟ್ ಅಂತ ಮುರಿಯುತ್ತದೆ.

ಕೂರಿಸುವುದು, ನೀರು ತಡೆಯುವುದು

ಬಾಗಿಲಿನೊಳಗೆ ನೀರು ಬರುವುದು ದೋಷವಲ್ಲ. ಗಾಜಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ದಾಟಿ ನೀರು ಇಳಿಯುತ್ತದೆ, ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಬಾಗಿಲು ಮಾಡಿರುವುದೇ ಹಾಗೆ. ಬಾಗಿಲಿನ ತಳದಲ್ಲಿ ಆ ತೂತುಗಳನ್ನು ಹುಡುಕಿ, ಮಣ್ಣು ಕಟ್ಟಿದ್ದರೆ ತೆಂಗಿನ ಕಡ್ಡಿಯಲ್ಲಿ ಬಿಡಿಸಿ. ನಮ್ಮ ಕಾರಿನಲ್ಲಿ ಬಿಡಿಸಿದಾಗ ಒಂದು ಚೆಂಬಿನಷ್ಟು ಕೆಂಪು ನೀರು ಸುರಿಯಿತು.

ಸ್ಪೀಕರಿನ ತೂತು ದೊಡ್ಡದು ಮಾಡಬೇಕಾದರೆ ಕತ್ತರಿಸುವಾಗ ಹೊಸ ಸ್ಪೀಕರನ್ನು ದೂರ ಇಡಿ. ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಹಾರಿ ಅಂಟುತ್ತದೆ, ಮತ್ತೆ ತೆಗೆಯುವುದು ಕಷ್ಟ. ಕತ್ತರಿಸಿದ ಅಂಚಿಗೆ ಪ್ರೈಮರ್ ಮತ್ತು ಪೈಂಟ್ ಹಾಕದೆ ಮುಂದೆ ಹೋಗಬೇಡಿ. ನಮ್ಮ ಹವೆಯಲ್ಲಿ ಬರೀ ತಗಡು ಒಂದು ವಾರದಲ್ಲಿ ಕೆಂಪಾಗುತ್ತದೆ.

ಆಳ ಸಾಲದಿದ್ದರೆ ಸ್ಪೀಕರನ್ನು ಮುಂದಕ್ಕೆ ತರಲು ರಿಂಗ್ ಬೇಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಬೇಡ, ಮಳೆಗಾಲದಲ್ಲಿ ಹಪ್ಪಳದ ಹಾಗೆ ಉಬ್ಬುತ್ತದೆ. ಪ್ಲಾಸ್ಟಿಕ್ ರಿಂಗ್ ತನ್ನಿ, ಇಲ್ಲವೇ ಪಿವಿಸಿ ಹಲಗೆಯಿಂದ ಕತ್ತರಿಸಿಕೊಳ್ಳಿ. ಹಿಂದಿನ ಪಾರ್ಸೆಲ್ ಟ್ರೇಗೂ ಇದೇ ಮಾತು. ಸ್ಪೀಕರಿಗೂ ತಗಡಿಗೂ ನಡುವೆ ತೆಳುವಾದ ಫೋಮ್ ಟೇಪ್ ಸುತ್ತ ಅಂಟಿಸಿ. ಸಂದು ಇದ್ದರೆ ಕೋನಿನ ಹಿಂದಿನ ಗಾಳಿ ಮುಂದೆ ಬಂದು ಬೇಸ್ ಕಡಿಮೆಯಾಗುತ್ತದೆ, ತಗಡೂ ಗಲಗಲ ಅನ್ನುತ್ತದೆ. ಸ್ಟೀಲ್ ಸ್ಕ್ರೂ ಹಾಕಿ, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಎದುರುಬದುರಾಗಿ ಬಿಗಿಮಾಡಿ. ವೈರ್ ಬರುವ ಕಾಲುಗಳು ಕೆಳಗೆ ಅಥವಾ ಪಕ್ಕಕ್ಕೆ ಇರಲಿ. ಮೇಲಕ್ಕೆ ಇದ್ದರೆ ಹನಿ ಅಲ್ಲೇ ಬೀಳುತ್ತದೆ.

ಆಮೇಲೆ ಪ್ಲಾಸ್ಟಿಕ್ ಶೀಟ್. ರಬ್ಬರ್ ತೋಟ ಇದ್ದವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿ, ಮೇಲಿನ ಅಂಚಿಗೆ ಡಾಂಬರಿನಂಥ ಅಂಟು ಹಾಕುತ್ತೇವಲ್ವಾ? ಮರ ಹಿಡಿದು ಇಳಿಯುವ ನೀರು ಹಾಲು ಹಿಡಿಯುವ ಚಿಪ್ಪಿಗೆ ಬೀಳದೆ ಹೊರಗೆ ಹೋಗುತ್ತದೆ. ಬಾಗಿಲಿನ ಶೀಟೂ ಅದೇ ಕೆಲಸ ಮಾಡುತ್ತದೆ. ದಪ್ಪ ಪಾಲಿಥೀನನ್ನು ಬಾಗಿಲಿನ ಆಕಾರಕ್ಕೆ ಕತ್ತರಿಸಿ, ಮೇಲೆ ಮತ್ತು ಎರಡು ಬದಿಗೆ ಬ್ಯುಟೈಲ್ ಟೇಪಿನಿಂದ (ಅಂಟಂಟಾದ ರಬ್ಬರ್ ಟೇಪ್) ಅಂಟಿಸಿ. ಕೆಳಗಿನ ಅಂಚನ್ನು ಮಾತ್ರ ತಗಡಿನ ಸೀಳಿನಿಂದ ಬಾಗಿಲಿನ ಒಳಗೆ ತೂರಿಸಿ. ಶೀಟಿನ ಮೇಲೆ ಇಳಿದ ನೀರು ಪ್ಯಾಡಿಗೆ ಬಾರದೆ ಬಾಗಿಲಿನೊಳಗೆ ಬೀಳಬೇಕು. ಸ್ಪೀಕರಿನ ಹಿಂದೆ ಮೇಲ್ಭಾಗಕ್ಕೆ ತೆಳು ಪ್ಲಾಸ್ಟಿಕ್ಕಿನ ಸಣ್ಣ ಸೂರು ಅಂಟಿಸಿದರೆ ಇನ್ನೂ ಒಳ್ಳೆಯದು. ಅದು ಗಾಜಿಗೆ ತಾಗದಂತೆ ನೋಡಿಕೊಳ್ಳಿ.

ಪ್ಯಾಡ್ ಹಾಕುವ ಮೊದಲು ಕೇಳಿ

ಬ್ಯಾಟರಿ ಸೇರಿಸಿ, ಸದ್ದು ಕಡಿಮೆ ಇಟ್ಟು ಸೆಟ್ ಹಾಕಿ. ಮೊದಲು ಹಾಡು ಬೇಡ, ಒಬ್ಬರೇ ಮಾತಾಡುವುದು ಬೇಕು. ನಾನು ಮಂಗಳೂರು ಆಕಾಶವಾಣಿಯ ವಾರ್ತೆ ಹಾಕುತ್ತೇನೆ. ಗುಡ್ಡದ ಮರೆಯಲ್ಲಿ ಸ್ಟೇಷನ್ ಸಿಗದಿದ್ದರೆ ಫೋನಿನಿಂದ ಯಾರದ್ದಾದರೂ ಮಾತು ಹಾಕಿ. ಬ್ಯಾಲೆನ್ಸ್ ಮಧ್ಯಕ್ಕಿಟ್ಟು, ಎರಡು ಮುಂದಿನ ಸೀಟಿನ ನಡುವೆ ತಲೆ ಇಟ್ಟು ಕೇಳಿ. ಮಾತು ಡ್ಯಾಶ್‌ಬೋರ್ಡಿನ ಮಧ್ಯದಿಂದ ಬಂದ ಹಾಗಿದ್ದರೆ ಪ್ಲಸ್ ಮೈನಸ್ ಸರಿ. ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗದೆ ಕಿವಿಯ ಸುತ್ತ ಚದುರಿದ ಹಾಗಿದ್ದರೆ ಒಂದು ಕಡೆ ತಿರುಗುಮುರುಗಾಗಿದೆ.

ಆಮೇಲೆ ನಮ್ಮ ತೆಂಕುತಿಟ್ಟು ಯಕ್ಷಗಾನದ ಒಂದು ಪದ್ಯ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಸ್ಪೀಕರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಧನ ಬೇಕಾಗಿಲ್ಲ. ಚೆಂಡೆಯ ಪೆಟ್ಟು ಕಿವಿಗೆ ಚುರುಕಾಗಿ ಬೀಳಬೇಕು. ಜಾಗಟೆಯ ಸದ್ದು ಚೂರುಚೂರಾಗದೆ ಉದ್ದಕ್ಕೆ ನಿಲ್ಲಬೇಕು. ಮದ್ದಳೆಯ ದಪ್ಪ ಪೆಟ್ಟಿಗೆ ಬಾಗಿಲಿನ ತಗಡು ನಡುಗಿದರೆ ಯಾವುದೋ ಸ್ಕ್ರೂ ಸಡಿಲ ಇದೆ, ಇಲ್ಲವೇ ವೈರ್ ತಗಡಿಗೆ ಬಡಿಯುತ್ತಿದೆ. ಬಟ್ಟೆಯ ಟೇಪ್ ಸುತ್ತಿ, ಕೇಬಲ್ ಟೈ ಹಾಕಿ. ಭಾಗವತರ ಧ್ವನಿ ಮೂಗಿನಲ್ಲಿ ಹಾಡಿದ ಹಾಗಿದ್ದರೆ ಸ್ಪೀಕರಿನ ಸುತ್ತ ಗಾಳಿ ಸೋರುತ್ತಿದೆ.

ಇಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿ. ಅದರ ಜೊತೆಗೇ ಏರುವ ಒಂದು ಕುಂಯ್ ಸದ್ದು ಕೇಳಿದರೆ ಮೊದಲು ಸೆಟ್ಟಿನ ಕಪ್ಪು ಅರ್ತ್ ವೈರ್ ನೋಡಿ. ಪೈಂಟಿನ ಮೇಲೆ ಕೂರಿಸಿದ್ದರೆ ಬಿಚ್ಚಿ, ತಗಡು ಹೊಳೆಯುವಷ್ಟು ಉಜ್ಜಿ, ಮತ್ತೆ ಬಿಗಿಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ.

ಗಾಜನ್ನು ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ. ಎಲ್ಲೂ ತಾಗದಿದ್ದರೆ ಪ್ಯಾಡ್ ಹಾಕಿ. ಮುರಿದ ಕ್ಲಿಪ್‌ಗಳನ್ನು ಬಿಡಿಭಾಗದ ಅಂಗಡಿಯಿಂದ ಹೊಸತು ತನ್ನಿ, ಸುಮ್ನೆ ಗೋಂದು ಹಾಕಬೇಡಿ. ಮುಂದಿನ ಸಲ ಬಿಚ್ಚುವವರು ಪ್ಯಾಡನ್ನೇ ಹರಿಯಬೇಕಾಗುತ್ತದೆ.

ಮೊದಲ ಜೋರು ಮಳೆಯ ಮರುದಿನ ಬೆಳಗ್ಗೆ ಬಾಗಿಲು ತೆಗೆದು ಪ್ಯಾಡಿನ ಕೆಳಗಿನ ಅಂಚಿಗೆ ಬೆರಳು ಹಾಕಿ ನೋಡಿ. ಒದ್ದೆ ಇದ್ದರೆ ಶೀಟ್ ಎಲ್ಲೋ ಬಿಟ್ಟಿದೆ. ಅವತ್ತೇ ಬಿಚ್ಚಿ ಅಂಟಿಸಿ.